ಹಳದಿ ಚುಕ್ಕೆಯ ತನಿಖೆ

ಮೊದಲ ಚುಕ್ಕೆಯನ್ನು ಕಂಡವರು ಅಕ್ಕ. ದಸರಾ ರಜೆ ಮುಗಿದು ನಾವು ಕೆಲಸಕ್ಕೆ ಮರಳಿ ಒಂದು ವಾರವಾಗಿತ್ತು. ಬೆಳಿಗ್ಗೆ ಎಂಟೂವರೆಯ ಸುಮಾರಿಗೆ ಅವರು ಭೂತಗನ್ನಡಿಯ ಕೆಳಗಿಂದ ಒಂದು ಪೌಚನ್ನು ಎತ್ತಿ, ದೀಪಕ್ಕೆ ಹಿಡಿದು ನೋಡಿ, ಮತ್ತೆ ಕನ್ನಡಿಯ ಕೆಳಗಿಟ್ಟು, ಕೈಸನ್ನೆ ಮಾಡಿ ನನ್ನನ್ನು ಕರೆದರು. ಬಾಯಿ ಮುಚ್ಚಿದ ಆ ಪ್ಲಾಸ್ಟಿಕ್ ಚೀಲದೊಳಗೆ, ನಳಿಕೆಯ ತುದಿಯಿಂದ ಒಂದಂಗುಲ ದೂರದಲ್ಲಿ, ಹಳದಿಯದೇನೋ ಅಂಟಿಕೊಂಡಿತ್ತು. ಸಾಸಿವೆ ಕಾಳಿಗಿಂತ ಎಷ್ಟೋ ಚಿಕ್ಕದು. ಅಕ್ಕ ಬೆರಳಿಟ್ಟು ತೋರಿಸಿದ ಮೇಲೂ ನನಗೆ ಕಾಣಲು ಅರ್ಧ ನಿಮಿಷ ಹಿಡಿಯಿತು.

"ಏನಕ್ಕಾ ಅದು?"

"ಗೊತ್ತಿಲ್ಲ. ನಳಿಕೇದಂತೂ ಅಲ್ಲ. ಬರ್ಕೋ."

ಬರೆದುಕೊಳ್ಳುವುದು ನನ್ನ ಕೆಲಸವಾಗಿತ್ತು. ಕೆಂಗೇರಿ ದಾಟಿದ ಮೇಲೆ ಮೈಸೂರು ರಸ್ತೆಯ ಬದಿಯಲ್ಲಿದ್ದ ಆ ಕಾರ್ಖಾನೆಯಲ್ಲಿ, ತೊಡೆಯ ರಕ್ತನಾಳದಿಂದ ಹೃದಯದವರೆಗೆ ತೂರಿಸುವ ತೆಳು ನಳಿಕೆಗಳನ್ನು ನಾವು ಜೋಡಿಸುತ್ತಿದ್ದೆವು. ನಳಿಕೆಗೆ ಹಿಡಿಕೆ ಅಂಟಿಸುವ ಮೇಜು ನನ್ನದು. ಜೊತೆಗೆ ನಮ್ಮ ಲೈನಿನ ದಾಖಲೆ ಪುಸ್ತಕವೂ ನನ್ನ ಬಳಿ ಇತ್ತು. ಕೊನೆಯಲ್ಲಿ ಎಲ್ಲವನ್ನೂ ಪರೀಕ್ಷಿಸಿ ಪಾಸು ಮಾಡುವ ಮೇಜು ಅಕ್ಕನದು. ಅಲ್ಲಿ ಅವರು ಹನ್ನೊಂದು ವರ್ಷದಿಂದ ಕೂತಿದ್ದರು. ಅವರು ನನಗೆ ಸಂಬಂಧಿಯೇನಲ್ಲ. ಇಡೀ ಲೈನಿಗೆ ಅಕ್ಕ. ಅವರು ನಂದಿನಿ ಲೇಔಟ್‌ನಲ್ಲಿ ಕಂಪನಿ ಬಸ್ ಹತ್ತುತ್ತಿದ್ದರು, ನಾನು ಉಲ್ಲಾಳದಲ್ಲಿ. ನನಗಾಗಿ ಕಿಟಕಿ ಪಕ್ಕದ ಸೀಟಿನ ಮೇಲೆ ಊಟದ ಡಬ್ಬಿ ಇಟ್ಟು ಜಾಗ ಹಿಡಿದಿರುತ್ತಿದ್ದರು.

ಕ್ಲೀನ್‌ರೂಮ್ ಎಂದರೆ ಒಂದು ಕಣ ಧೂಳೂ ಬಾರದಂತೆ ಕಾಯುವ ನಮ್ಮ ಕೆಲಸದ ಕೋಣೆ. ಹೊರಗಿನವರಿಗೆ ಅದು ಏನೋ ತಂಪಾದ, ಸುಖವಾದ ಜಾಗವೆಂಬ ಕಲ್ಪನೆ ಇರುತ್ತದೆ. ತಂಪು ನಿಜ. ಒಳಗೆ ಹೋಗಲು ಕೈ ತೊಳೆದು, ತಲೆಗವಸು, ಮಾಸ್ಕ್, ತಲೆಯಿಂದ ಪಾದದವರೆಗಿನ ಬಿಳಿ ಉಡುಪು, ಎರಡು ಜೊತೆ ಗ್ಲೌಸ್, ಬೂಟಿನ ಕವಚ, ಇಷ್ಟನ್ನೂ ಗೋಡೆಯ ಮೇಲೆ ಬರೆದಿರುವ ಕ್ರಮದಲ್ಲೇ ತೊಡಬೇಕು. ಮೂಗು ತುರಿಸಿದರೆ ಸಹಿಸಿಕೊಳ್ಳಬೇಕು. ಸಹಿಸಲಾಗದಿದ್ದರೆ ಹೊರಗೆ ಬಂದು, ಎಲ್ಲವನ್ನೂ ಕಳಚಿ, ತುರಿಸಿಕೊಂಡು, ಹೊಸ ಉಡುಪು ತೊಟ್ಟು ಮೊದಲಿನಿಂದ ಶುರು ಮಾಡಬೇಕು. ಶೌಚಕ್ಕೆ ಹೋಗುವುದೂ ಹಾಗೆಯೇ. ಬೆಳಗಿನ ಕಾಫಿಯನ್ನು ಅರ್ಧ ಲೋಟಕ್ಕೆ ಇಳಿಸಿದ್ದು ನಾನೊಬ್ಬಳೇ ಅಲ್ಲ.

ಪೌಡರ್, ಕಾಡಿಗೆ, ಹೂವು, ಬಳೆ, ಕಾಲ್ಗೆಜ್ಜೆ ಯಾವುದೂ ಕೂಡದು. ತಾಳಿಗೆ ಮಾತ್ರ ವಿನಾಯಿತಿ ಇತ್ತು: ಉಡುಪಿನ ಒಳಗಿರಬೇಕು, ಹೊರಗೆ ಕಾಣಬಾರದು. ಉಳಿದವರದು ಸರ. ಅಕ್ಕನದು ಅರಿಸಿನದ ದಾರ. ಅವರ ಮನೆಯಲ್ಲಿ ಅದೇ ರೂಢಿ. ಶುಕ್ರವಾರ ಸ್ನಾನವಾದ ಮೇಲೆ ದಾರಕ್ಕೆ ಅರಿಸಿನ ಹಚ್ಚಿಕೊಂಡು ಬರುತ್ತಿದ್ದರು. ಹನ್ನೊಂದು ವರ್ಷ ಅದನ್ನು ಯಾರೂ ಕೇಳಿರಲಿಲ್ಲ.

ನಾಲ್ಕು ದಿನಗಳಲ್ಲಿ ಅಕ್ಕ ಐದು ಚುಕ್ಕೆಗಳನ್ನು ಹಿಡಿದರು. ಐದೂ ಹಳದಿ. ಹೃದಯಕ್ಕೆ ಹೋಗುವ ವಸ್ತುವಿನ ಪಕ್ಕದಲ್ಲಿ ಗೊತ್ತಿಲ್ಲದ ಚುಕ್ಕೆ ಇದ್ದರೆ ಏನಾಗುತ್ತದೆಂದು ವಿವರಿಸಬೇಕಿಲ್ಲ. ಗುಣಮಟ್ಟ ವಿಭಾಗದ ಮ್ಯಾನೇಜರು ಅವನ್ನು ಹೊರಗಿನ ಪ್ರಯೋಗಾಲಯಕ್ಕೆ ಕಳಿಸಿದರು. ಅರಿಸಿನ ಎಂದು ವರದಿ ಬಂತು.

ಅರಿಸಿನ ಎಂದ ಕೂಡಲೇ ಮೀಟಿಂಗಿನಲ್ಲಿದ್ದ ಎಲ್ಲರ ಕಣ್ಣೂ ಅಕ್ಕನ ಕುತ್ತಿಗೆಗೆ ಹೋಯಿತು. ನನ್ನ ಕಣ್ಣೂ ಹೋಯಿತು. ಅದನ್ನು ಇಲ್ಲಿ ಬರೆಯದಿದ್ದರೆ ತಪ್ಪಾಗುತ್ತದೆ.

ಮ್ಯಾನೇಜರು ಕೆಟ್ಟವರಲ್ಲ. ಮುಂದಿನ ತಿಂಗಳು ವಿದೇಶದಿಂದ ತಪಾಸಣೆಗೆ ಬರುವವರಿದ್ದರು. ಅಷ್ಟರೊಳಗೆ ಅವರಿಗೆ ಒಂದು ಕಾರಣ ಬೇಕಿತ್ತು. ಅವರು ನಯವಾಗಿಯೇ ಶುರು ಮಾಡಿದರು.

"ನೋಡಿಮ್ಮಾ, ಪರ್ಸನಲ್ ಆಗಿ ತಗೋಬೇಡಿ. ರಿಪೋರ್ಟಲ್ಲಿ ಅರಿಸಿನ ಅಂತ ಬಂದಿದೆ. ಫ್ಲೋರಲ್ಲಿ ಅರಿಸಿನ ಇರೋದು ನಿಮ್ಮೊಬ್ರ ಹತ್ರ."

"ಸಾರ್, ಹನ್ನೊಂದು ವರ್ಷದಿಂದ ಇಂಥದೇ ದಾರ ಹಾಕ್ಕೊಂಡ್ ಬರ್ತಿದೀನಿ. ಹೋದ್ ವಾರದಿಂದ ಉದುರೋಕೆ ಶುರುವಾಯ್ತಾ?"

"ವೇರ್ ಅಂಡ್ ಟೇರ್ ಅಂತ ಇರುತ್ತಲ್ಲಮ್ಮಾ."

"ದಾರ ಹೊಸದು ಸಾರ್. ಗೌರಿ ಹಬ್ಬಕ್ಕೆ ಬದಲಾಯ್ಸಿದ್ದು."

"ಹಂಗಾದ್ರೆ ಹೊಸಾದು ಜಾಸ್ತಿ ಉದುರುತ್ತೆ."

ಹಳೆಯದಾದರೂ ಉದುರುತ್ತದೆ, ಹೊಸದಾದರೂ ಉದುರುತ್ತದೆ.

ಮರುದಿನದಿಂದ ಉಡುಪು ತೊಡುವ ಕೋಣೆಯ ಬಾಗಿಲಲ್ಲಿ ಹೆಂಗಸರ ಹಿಮ್ಮಡಿ, ಉಗುರು, ಕೆನ್ನೆ ನೋಡುವ ಏರ್ಪಾಡಾಯಿತು. ಗಂಡಸರು ನೇರವಾಗಿ ಒಳಗೆ ಹೋಗುತ್ತಿದ್ದರು. ಗುರುವಾರ ಸಂಜೆಯಿಂದ ಶನಿವಾರದವರೆಗೆ ಮೈಗೆ ಅರಿಸಿನ ಮುಟ್ಟಿಸಬಾರದೆಂದು ಸೂಚನಾ ಫಲಕದಲ್ಲಿ ಒಂದು ಹಾಳೆ ಅಂಟಿತು. ಬಸ್ಸಿನಲ್ಲಿ ಅದೇ ಮಾತು. ಹಿಂದಿನ ಸೀಟಿನವಳೊಬ್ಬಳು ಡಬ್ಬಿ ಎತ್ತಿ ತೋರಿಸಿದಳು.

"ಅಕ್ಕಾ, ಇವತ್ತು ಚಿತ್ರಾನ್ನ ತಂದಿದೀನಿ. ನನ್ನೂ ಹಿಡ್ದು ಒಳಗೆ ಹಾಕ್ತಾರಾ?"

"ಒಳಗೆ ಹಾಕಲ್ಲ ಕಣೇ, ಹೊರಗೆ ಹಾಕ್ತಾರೆ," ಎಂದರು ಅಕ್ಕ. ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ.

ದಾರವನ್ನು ಹತ್ತಿಯಲ್ಲಿ ಸುತ್ತಿ, ಮೇಲೆ ಆಸ್ಪತ್ರೆಯ ಟೇಪ್ ಹಾಕಿಕೊಂಡು ಬರುವುದಾಗಿ ಅಕ್ಕ ತಾವಾಗಿಯೇ ಹೇಳಿದರು. ಎರಡು ದಿನ ಹಾಗೇ ಬಂದರು. ಎರಡನೇ ದಿನ ಆರನೇ ಚುಕ್ಕೆ ಸಿಕ್ಕಿತು. ಹಿಡಿದವರು ಅಕ್ಕನೇ. ಮ್ಯಾನೇಜರು ಕನ್ನಡಿಯಲ್ಲಿ ನೋಡಿ, "ಟೇಪ್ ಲೂಸ್ ಆಗಿರ್ಬೇಕು" ಎಂದರು.

ನನಗೆ ತಲೆ ಚಿಟ್ಟು ಹಿಡಿದದ್ದು ಅಲ್ಲಿ. ಒಬ್ಬರು ತಮ್ಮ ಮೈಮೇಲಿಂದ ಉದುರಿದ್ದನ್ನು, ಬಾಯಿ ಮುಚ್ಚಿದ ಪೌಚಿನ ಒಳಗೆ ಸೇರಿಸಿ, ಆಮೇಲೆ ತಾವೇ ಕಷ್ಟಪಟ್ಟು ಹುಡುಕಿ, ಬರ್ಕೋ ಎಂದು ಹೇಳುತ್ತಾರೆಯೇ? ಅಕ್ಕನ ಮೇಜಿಗೆ ಬರುವಷ್ಟರಲ್ಲಿ ಪೌಚಿಗೆ ಸೀಲ್ ಬಿದ್ದಿರುತ್ತದೆ. ಇದನ್ನು ನಾನು ಮೀಟಿಂಗಿನಲ್ಲಿ ಹೇಳಿದೆ. ನಡೆದಾಡುವಾಗ ಗಾಳಿಯಲ್ಲಿ ಹರಡಿರಬಹುದು ಎಂಬ ಉತ್ತರ ಬಂತು. ಅಕ್ಕ ದಿನಕ್ಕೆ ಎರಡು ಸಲ ಕುರ್ಚಿಯಿಂದ ಏಳುವವರು.

ಶನಿವಾರ ಮ್ಯಾನೇಜರು ಅಕ್ಕನ ಮುಂದೆ ಎರಡು ದಾರಿ ಇಟ್ಟರು. ದಾರ ಬಿಚ್ಚಿಟ್ಟು ಒಳಗೆ ಬರಬೇಕು. ಇಲ್ಲವೇ ಹೊರಗಿನ ಶೆಡ್ಡಿನಲ್ಲಿ ಕಾರ್ಟನ್ ಪ್ಯಾಕಿಂಗ್‌ಗೆ ಹೋಗಬೇಕು. ಅಲ್ಲಿಗೆ ಹೋದವರ ತಪಾಸಣೆಯ ಅರ್ಹತೆ ಮೂರು ತಿಂಗಳ ಮಟ್ಟಿಗೆ ರದ್ದಾಗುತ್ತದೆ. ಆಮೇಲೆ ಮರಳಬೇಕೆಂದರೆ ಹೊಸಬರ ಜೊತೆ ಕೂತು ಪರೀಕ್ಷೆ ಬರೆಯಬೇಕು.

ಬಸ್ಸಿನಲ್ಲಿ ನಾನು, "ಒಂದ್ ತಿಂಗಳು ಬಿಚ್ಚಿಟ್ಬಿಡಿ ಅಕ್ಕಾ. ಆಡಿಟ್ ಮುಗೀಲಿ" ಎಂದೆ.

"ಬಿಚ್ಚೋದು ದೊಡ್ಡದಲ್ಲ ಕಣೇ. ಸರ ತಗೊಂಡು ಅದ್ರಲ್ಲಿ ಹಾಕ್ಕೋಬೋದು, ನಮ್ಮನೇವ್ರೇ ಹೇಳಿದ್ರು. ಈಗ ಬಿಚ್ಚಿದ್ರೆ ನಾನೇ ತಂದ್ ಸುರ್ದೆ ಅಂತ ಒಪ್ಕೊಂಡಂಗೆ ಆಗಲ್ವಾ?"

ಬಸ್ಸು ಜ್ಞಾನಭಾರತಿಯ ಮರಗಳ ಹತ್ತಿರ ಬಂತು. ಆಮೇಲೆ ಅವರು ಕಿಟಕಿಯ ಕಡೆ ನೋಡುತ್ತಾ, "ಚುಕ್ಕೆ ಕಣ್ಣಿಗೇ ಬೀಳ್ಲಿಲ್ಲ ಅನ್ನೋ ಹಂಗೆ ಕೂತಿದ್ರೆ ಆಗಿರೋದು," ಎಂದರು.

ಸೋಮವಾರ ಅವರು ಕಾರ್ಟನ್ ಶೆಡ್ಡಿಗೆ ಹೋದರು. ಅವರ ಮೇಜಿಗೆ ತರಬೇತಿ ಮುಗಿಸಿ ಎರಡು ತಿಂಗಳಾಗಿದ್ದ ಹುಡುಗಿ ಬಂದಳು. ಅಂದು ಚುಕ್ಕೆ ಸಿಗಲಿಲ್ಲ. ಮಂಗಳವಾರ ಸಿಗಲಿಲ್ಲ. ಬುಧವಾರವೂ ಇಲ್ಲ. ಮ್ಯಾನೇಜರು ನನ್ನ ದಾಖಲೆ ಪುಸ್ತಕ ತಿರುವಿ, "ನೋಡಿದ್ರಾ? ಝೀರೋ, ಝೀರೋ, ಝೀರೋ" ಎಂದರು. ತನಿಖಾ ವರದಿಯ ಏಳನೇ ಪುಟದಲ್ಲಿ, ಸಂಭವನೀಯ ಮೂಲ ಎಂಬ ಜಾಗದಲ್ಲಿ, ತಪಾಸಕಿಯ ಕುತ್ತಿಗೆಯ ದಾರ ಎಂದು ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿದರು. ಪರಿಹಾರ: ಎಲ್ಲ ಮಹಿಳಾ ಸಿಬ್ಬಂದಿಗೆ ಮರುತರಬೇತಿ. ನಮ್ಮಲ್ಲಿ ಗಾಳಿಯ ಫಿಲ್ಟರ್ ಕೆಟ್ಟರೂ ಪರಿಹಾರ ಮರುತರಬೇತಿಯೇ ಆಗಿತ್ತು.

ಆ ಮೂರು ಸೊನ್ನೆಗಳನ್ನು ಬರೆದವಳು ನಾನು. ಅವು ನನಗೆ ಒಗ್ಗಲಿಲ್ಲ.

ಪ್ರತಿ ದಿನದ ಉತ್ಪನ್ನದಿಂದ ಕೆಲವು ಪೌಚುಗಳನ್ನು ಮಾದರಿಯಾಗಿ ಎತ್ತಿಡುವುದು ಪುಸ್ತಕ ಹಿಡಿದವಳ ಕೆಲಸ. ಗುರುವಾರ ಊಟಕ್ಕೆ ಹೋಗದೆ, ಆ ಮೂರು ದಿನಗಳ ಮಾದರಿಗಳನ್ನು ಅಕ್ಕನ ಮೇಜಿನ ಕನ್ನಡಿಯ ಕೆಳಗೆ ಒಂದೊಂದಾಗಿ ನೋಡಿದೆ. ನನ್ನದು ಅಕ್ಕನ ಕಣ್ಣಲ್ಲ. ಒಂದೊಂದಕ್ಕೂ ಅವರು ತೆಗೆದುಕೊಳ್ಳುವುದಕ್ಕಿಂತ ಮೂರು ಪಟ್ಟು ಹೊತ್ತು ಹಿಡಿಯಿತು. ಪಾಸಾದ ಪೌಚುಗಳಲ್ಲಿ ಎರಡು ಚುಕ್ಕೆ ಸಿಕ್ಕವು. ಹೊಸ ಹುಡುಗಿಯ ತಪ್ಪು ಎನ್ನಲಾರೆ. ನನಗೇ ಹುಡುಕು ಎಂದು ಹೇಳಿದರೂ ಕಾಣುವುದು ಕಷ್ಟವಾಗಿತ್ತು.

ಅಕ್ಕ ಮೂರು ದಿನದಿಂದ ಕ್ಲೀನ್‌ರೂಮಿಗೆ ಕಾಲಿಟ್ಟಿರಲಿಲ್ಲ. ಅರಿಸಿನ ಮಾತ್ರ ಬರುತ್ತಲೇ ಇತ್ತು.

ಪೌಚಿನ ಮೂಲೆಯಲ್ಲಿ ಅದಕ್ಕೆ ಸೀಲ್ ಹಾಕಿದ ಯಂತ್ರದ ಸಂಖ್ಯೆ ಅಚ್ಚಾಗಿರುತ್ತದೆ. ಎರಡರ ಮೇಲೂ ಎರಡು ಎಂದಿತ್ತು. ಹಿಂದಿನ ಆರರ ಫೋಟೋಗಳನ್ನು ತೆಗೆದು ನೋಡಿದೆ. ಎಲ್ಲದರ ಮೇಲೂ ಎರಡು. ಇದು ಯಾರಿಗೂ ಕಾಣದೆ ಹೋದದ್ದು ಹೇಗೆ ಎಂದು ತನಿಖೆಯ ಫಾರಂ ತೆರೆದರೆ, ಯಂತ್ರದ ಸಂಖ್ಯೆಗೆ ಅದರಲ್ಲಿ ಅಂಕಣವೇ ಇರಲಿಲ್ಲ. ಮೇಜಿನಲ್ಲಿ ಕೂತಿದ್ದವರು ಯಾರು ಎಂಬುದಕ್ಕೆ ಇತ್ತು.

ಎರಡನೇ ಸೀಲಿಂಗ್ ಯಂತ್ರ ಗೋಡೆಗೆ ಒತ್ತಿಕೊಂಡು ನಿಂತಿತ್ತು. ಶಿಫ್ಟ್ ಮುಗಿದು ಅದು ಆರಿದ ಮೇಲೆ, ಗೋಡೆ ಮತ್ತು ಯಂತ್ರದ ನಡುವಿನ ಸಂದಿಗೆ ಟಾರ್ಚ್ ಹಿಡಿದು, ಕೈಕನ್ನಡಿ ತೂರಿಸಿ ನೋಡಿದೆ. ಪೌಚುಗಳ ಕಡೆ ಗಾಳಿ ಎಳೆದು ಬಿಡುವ ಹಿಂಬದಿಯ ಪುಟ್ಟ ಫ್ಯಾನಿನ ಜಾಲರಿಯ ಪಕ್ಕದಲ್ಲಿ, ಕೆಳಗಿನ ಮೂಲೆಯಲ್ಲಿ, ಒಣಗಿ ಬಿರುಕು ಬಿಟ್ಟ ಹಳದಿ ಪಟ್ಟೆ ಇತ್ತು. ಬೆರಳಿನಿಂದ ಬಳಿದದ್ದು. ಬಳಿದ ಬೆರಳು ನನ್ನದು.

ಆಯುಧಪೂಜೆಯ ದಿನ ಕ್ಲೀನ್‌ರೂಮಿನ ಒಳಗೆ ಪೂಜೆ ಇರುವುದಿಲ್ಲ. ಹೊರಬಾಗಿಲಲ್ಲಿ ಬೂದುಗುಂಬಳ ಒಡೆದು ಮುಗಿಸುತ್ತೇವೆ. ಆದರೆ ಆ ವಾರ ಎರಡನೇ ಯಂತ್ರದ ಬಿಸಿ ಪಟ್ಟಿ ಕೆಟ್ಟು, ದುರಸ್ತಿಗೆಂದು ಅದನ್ನು ಹಿಂಭಾಗದ ವರ್ಕ್‌ಶಾಪಿಗೆ ತಂದಿದ್ದರು. ಮೇಂಟೆನೆನ್ಸ್‌ನ ಅಣ್ಣ ಲೇತು, ಡ್ರಿಲ್ಲು, ಕಂಪ್ರೆಸರುಗಳ ಸಾಲಿನಲ್ಲಿ ಅದನ್ನೂ ನಿಲ್ಲಿಸಿ ಹಾರ ಹಾಕಿದರು.

"ಪಾಪ, ಬಂದಾಗಿಂದ ಇದಕ್ಕೊಂದ್ ಹೂವಿಲ್ಲಮ್ಮಾ. ಕೈಗೆ ಸಿಕ್ಕಾಗ ಮಾಡ್ಬಿಡೋಣ. ಹೆಣ್ಮಕ್ಳು ಕೈಯಲ್ಲಿ ಅರಿಸಿನ ಕುಂಕುಮ ಇಡ್ಸಿದ್ರೆ ಒಳ್ಳೇದು. ನಾಲ್ಕೂ ಮೂಲೆಗೆ ಇಡಿ."

ನಾನು ನಾಲ್ಕೂ ಮೂಲೆಗೆ ಇಟ್ಟೆ. ಹಿಂದಿನ ಮೂಲೆಗೆ ಹೋಗುವಷ್ಟರಲ್ಲಿ ಕುಂಕುಮದ ಬಟ್ಟಲನ್ನು ಯಾರೋ ಕಂಪ್ರೆಸರಿನ ಕಡೆ ಒಯ್ದಿದ್ದರು. ಅಲ್ಲಿ ಬರೀ ಅರಿಸಿನ ಬಳಿದೆ. ಮಂಗಳಾರತಿ ಎತ್ತಿದವರು ಮ್ಯಾನೇಜರು. ಕಡಲೆಪುರಿ ಹಂಚಿದೆವು, ಹಾರ ಹಾಕಿದ ಯಂತ್ರದ ಮುಂದೆ ಎಲ್ಲರೂ ನಿಂತು ತೆಗೆಸಿಕೊಂಡ ಫೋಟೋ ಅದೇ ಸಂಜೆ ಕಂಪನಿಯ ವಾಟ್ಸಾಪ್ ಗುಂಪಿಗೆ ಬಂತು. ಅರಿಸಿನ ಎಲ್ಲಿಂದ ಬಂತೆಂದು ಮೂರು ವಾರ ತಲೆ ಕೆಡಿಸಿಕೊಂಡವರೆಲ್ಲರ ಫೋನಿನಲ್ಲೂ ಆ ಫೋಟೋ ಇತ್ತು.

ಇನ್ನೊಂದು ಸಂಗತಿಯನ್ನೂ ಬರೆಯಬೇಕು. ದಿನದ ಕೊನೆಗೆ ಯಂತ್ರದ ಎಲ್ಲ ಬದಿಗಳನ್ನೂ ಸ್ಪಿರಿಟ್ಟಿನಿಂದ ಒರೆಸಲಾಗಿದೆ ಎಂಬ ಸಾಲಿನ ಮುಂದೆ ಟಿಕ್ ಹಾಕಬೇಕು. ಆ ಮೂರು ವಾರಗಳಲ್ಲಿ ಒಂಬತ್ತು ದಿನದ ಟಿಕ್ ನನ್ನದು. ಗೋಡೆಯ ಕಡೆಯ ಬದಿಗೆ ಕೈ ಹೋಗುವುದಿಲ್ಲ. ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ಟಿಕ್ ಹಾಕುತ್ತಿದ್ದೆವು.

ಶುಕ್ರವಾರ ಬೆಳಿಗ್ಗೆ ಮ್ಯಾನೇಜರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಮೊದಲು ಕೇಳಿದ್ದು, "ನಿಮಗೆ ಆ ಮಾದರಿ ನೋಡೋಕೆ ಯಾರು ಹೇಳಿದ್ರು?" ಎಂದು. ಆಮೇಲೆ ಮೇಂಟೆನೆನ್ಸ್ ಅಣ್ಣನನ್ನು ಕರೆಸಿದರು.

"ಸಾರ್, ಒಳಗೆ ಕಳ್ಸೋ ಮುಂಚೆ ಫುಲ್ ಒರ್ಸಿದೀನಿ ಸಾರ್. ಅರ್ಧ ಬಾಟ್ಲಿ ಸ್ಪಿರಿಟ್ಟು."

"ಹಿಂದೆ?"

"ಹಿಂದೆನೂ ಹಚ್ಚಿದಾರೆ ಅಂತ ನಂಗೇನ್ ಗೊತ್ತು ಸಾರ್?"

"ನಾಲ್ಕೂ ಮೂಲೆಗೆ ಇಡಿ ಅಂದಿದ್ದು ನೀವೇ ಅಣ್ಣಾ," ಎಂದೆ.

"ಶಾಸ್ತ್ರಕ್ಕೆ ಅಂದೆ ಕಣಮ್ಮಾ. ನೀವು ಅಷ್ಟು ಸಿನ್ಸಿಯರ್ ಆಗಿ ಇಡ್ತೀರ ಅಂದ್ಕೊಂಡಿರ್ಲಿಲ್ಲ."

ಮ್ಯಾನೇಜರು ವರದಿಯನ್ನು ಮುಂದಕ್ಕೆಳೆದುಕೊಂಡರು. ದುರಸ್ತಿಯ ವೇಳೆ ಹೊರಗಿನಿಂದ ಸೇರಿದ ವಸ್ತು ಎಂದಷ್ಟೇ ಬರೆದರೆ ಸಾಲದೇ ಎಂದು ಕೇಳಿದರು. ಹಾಗೆ ಬರೆದರೆ ಏಳನೇ ಪುಟದಲ್ಲಿರುವ ದಾರ ಹಾಗೇ ಉಳಿಯುತ್ತದೆ, ಅಕ್ಕ ಶೆಡ್ಡಿನಲ್ಲೇ ಉಳಿಯುತ್ತಾರೆ ಎಂದೆ. ಆ ಪುಟ ತೆಗೆದು ಹೊಸದು ಹಾಕೋಣ ಎಂದರು.

"ಪುಟಕ್ಕೆ ನಂಬರ್ ಇದೆ ಸಾರ್. ಒಂದು ಪುಟ ಕಾಣೆಯಾದ್ರೆ ಇಡೀ ವರದಿ ಸುಳ್ಳು ಅಂತ ಟ್ರೈನಿಂಗಲ್ಲಿ ಹೇಳಿದ್ದು ನೀವೇ."

ಅದು ನಮ್ಮ ಕೆಲಸದ ನಿಯಮ. ತಪ್ಪು ಬರೆದರೆ ಗೀಚುವಂತಿಲ್ಲ, ಬಿಳಿ ಬಳಿಯುವಂತಿಲ್ಲ, ಹರಿಯುವಂತಿಲ್ಲ. ಒಂದೇ ಗೆರೆ ಎಳೆಯಬೇಕು, ಕೆಳಗಿನ ಅಕ್ಷರ ಓದಲು ಬರುವಂತೆ. ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಕಾರಣ ಬರೆದು, ಸಹಿ ಮಾಡಿ ತಾರೀಖು ಹಾಕಬೇಕು. ನಮಗೆ ಇದನ್ನು ವರ್ಷಕ್ಕೆ ಎರಡು ಸಲ ಕಲಿಸುತ್ತಿದ್ದವರು ಪೆನ್ನು ಹಿಡಿದು ಆ ಒಂದು ಗೆರೆ ಎಳೆಯಲು ಹತ್ತು ನಿಮಿಷ ತೆಗೆದುಕೊಂಡರು. ಎಳೆದರು. ಅದರ ಕೆಳಗೆ ನಾನು ಪೂಜೆಯ ವಿಷಯ, ನನ್ನ ಬೆರಳಿನ ವಿಷಯ, ಒಂಬತ್ತು ಟಿಕ್ಕಿನ ವಿಷಯ ಬರೆದು ಸಹಿ ಹಾಕಿದೆ. ಒಂದು ತಿಂಗಳು ದಾಖಲೆ ಪುಸ್ತಕ ನನ್ನ ಕೈಯಿಂದ ಹೋಯಿತು. ಮರುತರಬೇತಿಯಂತೂ ಇದ್ದೇ ಇತ್ತು. ಅದರ ಪರೀಕ್ಷೆಯಲ್ಲಿ ಕ್ಲೀನ್‌ರೂಮಿಗೆ ಅರಿಸಿನ ತರಬಹುದೇ, ಹೌದು ಅಥವಾ ಇಲ್ಲ, ಎಂಬ ಪ್ರಶ್ನೆ ಸೇರಿತ್ತು.

ಎರಡನೇ ಯಂತ್ರದಲ್ಲಿ ಸೀಲಾದ ಅಷ್ಟೂ ಪೌಚುಗಳನ್ನು ತಡೆಹಿಡಿದರು. ಅವನ್ನು ಒಂದೂ ಬಿಡದೆ ಮತ್ತೆ ಪರೀಕ್ಷಿಸಬೇಕಿತ್ತು. ಅದಕ್ಕೆ ಬೇಕಾದ ಕಣ್ಣು ಕಾರ್ಟನ್ ಶೆಡ್ಡಿನಲ್ಲಿ ಟೇಪ್ ಅಂಟಿಸುತ್ತಿತ್ತು. ಸೋಮವಾರ ಬೆಳಿಗ್ಗೆ ಮ್ಯಾನೇಜರು ಅಕ್ಕನನ್ನು ಕರೆಸಿದರು.

"ಬನ್ನಿಮ್ಮಾ. ನಿಮ್ಮ ಕ್ವಾಲಿಫಿಕೇಶನ್ ವಾಪಸ್ ಹಾಕ್ಸಿದೀನಿ. ದಾರ ಹಾಗೇ ಇರ್ಲಿ, ಒಳಗಿದ್ರೆ ಸಾಕು. ಇವತ್ತಿಂದ್ಲೇ ಶುರು ಮಾಡ್ಬೋದಾ?"

ಅಕ್ಕ ಕೂರಲಿಲ್ಲ. "ನನ್ ಬಗ್ಗೆ ಬರ್ದಿದ್ರಂತಲ್ಲ ಸಾರ್, ಆ ಹಾಳೆ ನೋಡ್ಬೇಕು."

ಮ್ಯಾನೇಜರು ವರದಿಯನ್ನು ಅವರತ್ತ ತಳ್ಳಿದರು. ಅಕ್ಕನಿಗೆ ಇಂಗ್ಲಿಷ್ ನಿಧಾನ. ಏಳನೇ ಪುಟವನ್ನು ನನ್ನ ಕಡೆ ತಿರುಗಿಸಿ, "ಓದೇ," ಎಂದರು. ಗೆರೆ ಬಿದ್ದ ಸಾಲನ್ನು ಓದಿ ಕನ್ನಡದಲ್ಲಿ ಹೇಳಿದೆ.

"ಗೆರೆ ಹೊಡೆದ್ರೂ ಓದೋಕೆ ಬರುತ್ತಲ್ಲ?"

"ಬರ್ಲೇಬೇಕಕ್ಕಾ. ಹಂಗೇ ರೂಲು."

"ಯಾರ್ ಬರ್ದಿದ್ದು ಅಂತ ಗೊತ್ತಾಗುತ್ತಾ?"

"ಪಕ್ಕದಲ್ಲೇ ಸಾರ್ ಸಹಿ ಇದೆ. ಎರಡು ಸಲ."

ಅಕ್ಕ ಆ ಸಹಿಯನ್ನು ಪೌಚು ನೋಡುವ ಹಾಗೆ ಬಗ್ಗಿ ನೋಡಿದರು. "ಹಂಗಿದ್ರೆ ಇರ್ಲಿ. ಅಳಿಸ್ಬೇಡಿ." ಆಮೇಲೆ ಕೆಳಗಿನ ಸಾಲುಗಳ ಮೇಲೆ ಬೆರಳಿಟ್ಟು, "ಇದೇನಿದು, ನಿನ್ನ ಅಕ್ಷರ?" ಎಂದರು.

"ಅರಿಸಿನ ಹಚ್ಚಿದ್ದು ನಾನು ಅಂತ."

"ಇದಕ್ಕೆ ಗೆರೆ ಇಲ್ವಲ್ಲ."

"ಇಲ್ಲಕ್ಕಾ. ಅದು ಸರಿಯಾಗಿದೆ."

"ಮೂರು ವಾರ ಬಸ್ಸಲ್ಲಿ ನನ್ ಪಕ್ಕದಲ್ಲೇ ಕೂತಿದ್ಯಲ್ಲೇ ಮಾರಾಯ್ತಿ," ಎಂದು ಅಕ್ಕ ನನ್ನ ತೋಳಿಗೆ ಒಂದು ಹೊಡೆದರು. ಮೆಲ್ಲಗೇನೂ ಹೊಡೆಯಲಿಲ್ಲ.

ಅರ್ಧ ಗಂಟೆಯಲ್ಲಿ ಉಡುಪು ತೊಟ್ಟು ತಮ್ಮ ಮೇಜಿಗೆ ಬಂದರು, ಕುರ್ಚಿಯ ಎತ್ತರವನ್ನು ಹೊಸ ಹುಡುಗಿ ಬದಲಾಯಿಸಿದ್ದಕ್ಕೆ ಗೊಣಗಿದರು, ಮೊದಲ ಪೆಟ್ಟಿಗೆ ತೆರೆದರು. ಊಟದ ಹೊತ್ತಿಗೆ ಅವರ ಎಡಗಡೆಯ ಟ್ರೇಯಲ್ಲಿ ಹದಿನಾಲ್ಕು ಪೌಚುಗಳು ಬಿದ್ದಿದ್ದವು. ಹನ್ನೆರಡರಲ್ಲಿ ಅರಿಸಿನವಿತ್ತು. ಉಳಿದೆರಡನ್ನು ಅವರು ನನ್ನ ಮೇಜಿಗೆ ತಂದಿಟ್ಟು ಹೋದರು. ಕನ್ನಡಿಯ ಕೆಳಗಿಟ್ಟು ನೋಡಿದೆ. ಹಿಡಿಕೆಗೆ ನಾನು ಹಚ್ಚಿದ ಅಂಟು ಕೂದಲೆಳೆಯಷ್ಟು ಹೆಚ್ಚಾಗಿತ್ತು.